ರಜೆ ಎಷ್ಟು ಅಂತ ಕೇಳಬೇಡಿ, ಸಂಬಳ ಬರುತ್ತಾ ಅಂತ ಕೇಳಿ

ಹಲವು ದೇಶಗಳಲ್ಲಿ ಕಚೇರಿ ಇರುವ ಕಂಪನಿಗಳಿಗೆ ವರ್ಷದ ರಜಾ ಪಟ್ಟಿ ಮಾಡಿಕೊಡುವುದು ನನ್ನ ಕೆಲಸ. ಡಿಸೆಂಬರ್ ಬಂತೆಂದರೆ ಅವೇ ಪ್ರಶ್ನೆಗಳು ಮತ್ತೆ ಮತ್ತೆ ಬರುತ್ತವೆ. ಎರಡನ್ನು ಮೊದಲೇ ಮುಗಿಸಿಬಿಡುತ್ತೇನೆ.

ಅಮೆರಿಕದಲ್ಲಿ ದೀಪಾವಳಿ ರಾಷ್ಟ್ರೀಯ ರಜೆ ಆಯಿತಂತೆ, ಹೌದಾ?

ಇಲ್ಲ. ಅಲ್ಲಿನ ಕೆಲವು ರಾಜ್ಯಗಳು ಮಾತ್ರ ಮಾನ್ಯತೆ ಕೊಟ್ಟಿವೆ. ನಿಜವಾಗಿ ರಜೆ ಇರುವುದು ಸಿಂಗಪುರ, ಮಾರಿಷಸ್, ಫಿಜಿಯಂಥ ದೇಶಗಳಲ್ಲಿ.

ಮುಂದಿನ ವರ್ಷದ ಲಾಂಗ್ ವೀಕೆಂಡ್ ಪಟ್ಟಿ ಕೊಡ್ತೀರಾ?

ಗೋಡೆಯ ಮೇಲಿನ ಕ್ಯಾಲೆಂಡರ್ ಸಾಕು.

ಜಗತ್ತಿನಲ್ಲೇ ಅತಿ ಹೆಚ್ಚು ರಜೆ ನಮ್ಮ ದೇಶದಲ್ಲಂತೆ. ಅಮೆರಿಕದಲ್ಲಿ ಬರೀ 11, ಇಂಗ್ಲೆಂಡಿನಲ್ಲಿ 8. ಅದಕ್ಕೇ ಅವರು ಮುಂದೆ, ನಾವು ಹಿಂದೆ ಅಂತ ವಾಟ್ಸ್‌ಆ್ಯಪ್‌ನಲ್ಲಿ ಬಂದಿದೆ. ನಿಜವೇ? (ತುಮಕೂರಿನ ಓದುಗರು)

ನಿಜವಲ್ಲ. ದಯವಿಟ್ಟು ಆ ಮೆಸೇಜನ್ನು ಇನ್ನೊಬ್ಬರಿಗೆ ಕಳಿಸಬೇಡಿ. 11, 8 ಎಂಬ ಅಂಕಿಗಳು ಸರಿ. ಆದರೆ ಪಕ್ಕದಲ್ಲಿ ಇಡುವ ನಮ್ಮ ಅಂಕಿ ಯಾರದ್ದು? ಸರ್ಕಾರಿ ಕಚೇರಿಯದ್ದು. ಅದಕ್ಕೆ ಪರಿಮಿತ ರಜೆಯ ಉದ್ದ ಪಟ್ಟಿಯನ್ನೂ ಸೇರಿಸಿ ಕೂಡಿಬಿಡುತ್ತಾರೆ. ಆ ಪಟ್ಟಿಯಿಂದ ಕೇಂದ್ರ ನೌಕರರು ವರ್ಷಕ್ಕೆ ಎರಡನ್ನು ಮಾತ್ರ ಆರಿಸಿಕೊಳ್ಳಬಹುದು. ಇಡೀ ದೇಶಕ್ಕೆ ಒಂದೇ ಆಗಿರುವ ರಾಷ್ಟ್ರೀಯ ರಜೆ ಮೂರೇ ಮೂರು: ಜನವರಿ 26, ಆಗಸ್ಟ್ 15, ಅಕ್ಟೋಬರ್ 2.

ಕರ್ನಾಟಕದ ಕಾರ್ಖಾನೆ, ಅಂಗಡಿ, ಖಾಸಗಿ ಕಚೇರಿಗಳಿಗೆ ಅನ್ವಯಿಸುವುದು 1963ರ ರಾಷ್ಟ್ರೀಯ ಮತ್ತು ಹಬ್ಬದ ರಜೆಗಳ ಕಾಯ್ದೆ. ಆ ಮೂರು ದಿನ, ಮೇ 1, ನವೆಂಬರ್ 1, ಜೊತೆಗೆ ಐದು ಹಬ್ಬ. ಒಟ್ಟು 10. ಅಮೆರಿಕದ ಅಂಕಿಗಿಂತ ಒಂದು ಕಡಿಮೆಯೇ ಆಯಿತು, ಅಲ್ವಾ?

ಹಾಗಂತ ಅಮೆರಿಕದವರಿಗೆ ನಮಗಿಂತ ಒಂದು ರಜೆ ಜಾಸ್ತಿ ಎಂದೂ ಹೇಳಬೇಡಿ. ಆ 11 ಅಲ್ಲಿನ ಕೇಂದ್ರ ಸರ್ಕಾರದ ರಜೆ. 2021ರಲ್ಲಿ ಜೂನ್ 19 ಸೇರಿದ ಮೇಲೆ 11 ಆಯಿತು. ಖಾಸಗಿ ಕಂಪನಿ ಆ ದಿನ ರಜೆ ಕೊಡಬೇಕು, ಸಂಬಳ ಕೊಡಬೇಕು ಎಂದು ಅಲ್ಲಿನ ಕೇಂದ್ರ ಕಾನೂನು ಹೇಳುವುದೇ ಇಲ್ಲ. ಕೊಟ್ಟರೆ ಅದು ಮಾಲೀಕರ ಇಷ್ಟ, ಇಲ್ಲವೇ ಒಪ್ಪಂದದ ಮಾತು. ನಮ್ಮ 10 ಹಾಗಲ್ಲ, ಸಂಬಳದ ಸಮೇತ ಕೊಡಲೇಬೇಕಾದದ್ದು.

ಇಂಗ್ಲೆಂಡಿನ 8 ನೋಡಿ ಅಲ್ಲಿ ರಜೆ ಕಡಿಮೆ ಎಂದುಕೊಳ್ಳುವುದು ಇನ್ನೂ ದೊಡ್ಡ ತಪ್ಪು. ವಾರಕ್ಕೆ ಐದು ದಿನ ದುಡಿಯುವ ನೌಕರರಿಗೆ ಅಲ್ಲಿ ವರ್ಷಕ್ಕೆ 28 ದಿನ ಸಂಬಳದ ರಜೆ ಕಾನೂನಿನಂತೆ ಸಿಗುತ್ತದೆ. ಆ 8 ದಿನವನ್ನು ಮಾಲೀಕರು ಇದರೊಳಗೇ ಸೇರಿಸಬಹುದು. ಸೇರಿಸಿದರೂ 20 ದಿನ ಉಳಿಯಿತಲ್ಲ! ಜರ್ಮನಿಯಲ್ಲಿ ದೇಶಕ್ಕೆಲ್ಲ ಒಂದೇ ಆದ ರಜೆ 9. ಉಳಿದದ್ದು ರಾಜ್ಯ ರಾಜ್ಯಕ್ಕೆ ಬೇರೆ. ಆಗ್ಸ್‌ಬರ್ಗ್ ಎಂಬ ಒಂದೇ ಊರಿಗೆ ಆಗಸ್ಟ್ 8ರಂದು ಶಾಂತಿ ಹಬ್ಬದ ರಜೆಯಿದೆ. ಅದೂ ಸೇರಿ ಆ ಊರಿನಲ್ಲಿ ವರ್ಷಕ್ಕೆ 14. ಅದರ ಮೇಲೆ ಕನಿಷ್ಠ 20 ದಿನ ವಾರ್ಷಿಕ ರಜೆ. ರಜೆ ಕಡಿಮೆ ಇದ್ದರೆ ದೇಶ ಮುಂದೆ ಬರುತ್ತದೆ ಎನ್ನುವವರು ಜರ್ಮನಿಯ ಲೆಕ್ಕವನ್ನು ಏಕೆ ಬಿಡುತ್ತಾರೆ?

ಇನ್ನೊಂದು ಮಾತು. ಚೀನಾದ ಸಾಲು ರಜೆ ನೋಡಿ ಅನೇಕರು ಆಸೆಪಡುತ್ತಾರೆ. 2025ರಿಂದ ಅಲ್ಲಿ ಸಾರ್ವತ್ರಿಕ ರಜೆ 11ರಿಂದ 13ಕ್ಕೆ ಏರಿದೆ. ಆದರೆ ಸಾಲು ರಜೆಯ ಕೆಲವು ದಿನ ಸಾಲವಾಗಿ ಪಡೆದದ್ದು. ಮುಂಚಿನ ಅಥವಾ ಆಮೇಲಿನ ಶನಿವಾರವೋ ಭಾನುವಾರವೋ ಕೆಲಸಕ್ಕೆ ಬಂದು ತೀರಿಸಬೇಕು. ರಜೆ ಭಾನುವಾರ ಬಂದರೆ ಏನು ಅನ್ನುವುದೂ ದೊಡ್ಡ ಪ್ರಶ್ನೆಯೇ. ಜಪಾನಿನಲ್ಲಿ, ಇಂಗ್ಲೆಂಡಿನಲ್ಲಿ ಬದಲಿ ದಿನ ಸಿಗುತ್ತದೆ. ನಮ್ಮ ಸರ್ಕಾರಿ ಪಟ್ಟಿಯಲ್ಲಿ ಅದಿಲ್ಲ. 2025ರ ಗಣರಾಜ್ಯೋತ್ಸವ ಭಾನುವಾರ ಬಂತು, ಒಂದು ರಜೆ ಹೋಯಿತು.

ಎಣಿಕೆಯಲ್ಲೇ ಗೆಲ್ಲಬೇಕೆಂದರೆ ಪಕ್ಕದ ಶ್ರೀಲಂಕಾ ನೋಡಿ. ಅಲ್ಲಿ ಪ್ರತಿ ಹುಣ್ಣಿಮೆಗೂ ರಜೆ. ಅದಕ್ಕೆ ಪೋಯ ಎನ್ನುತ್ತಾರೆ. ಆ ದಿನ ಹೆಂಡ ಮಾರುವಂತಿಲ್ಲ. 1966ರಿಂದ ಕೆಲವು ವರ್ಷ ಅಲ್ಲಿ ಭಾನುವಾರದ ವಾರದ ರಜೆಯನ್ನೇ ತೆಗೆದು, ಚಂದ್ರನ ಲೆಕ್ಕದಲ್ಲಿ ಪೋಯ ದಿನಗಳಿಗೆ ರಜೆ ಕೊಟ್ಟಿದ್ದರು.

ರಜೆ ಕಡಿತ ಮಾಡಿದವರೂ ಇದ್ದಾರೆ. ಡೆನ್ಮಾರ್ಕ್ ತನ್ನ ಮಹಾ ಪ್ರಾರ್ಥನಾ ದಿನದ ರಜೆಯನ್ನು 2024ರಿಂದ ತೆಗೆದುಹಾಕಿತು. 1686ರಿಂದ ಇದ್ದ ರಜೆ ಅದು. ರಕ್ಷಣಾ ವೆಚ್ಚಕ್ಕೆ ಹಣ ಬೇಕು ಅನ್ನುವುದು ಕಾರಣ. ಜನ ಬೀದಿಗಿಳಿದು ವಿರೋಧಿಸಿದರು. ಪೋರ್ಚುಗಲ್ 2013ರಲ್ಲಿ ನಾಲ್ಕು ರಜೆ ಕಡಿದು, 2016ರಲ್ಲಿ ನಾಲ್ಕನ್ನೂ ವಾಪಸ್ ಕೊಟ್ಟಿತು.

ನನಗೆ ಸಿಟ್ಟು ಬರುವುದು ಬೇರೆ ಕಾರಣಕ್ಕೆ. ನಮ್ಮಲ್ಲಿ ಗಾರೆ ಕೆಲಸದವರು, ಮನೆಗೆಲಸದವರು, ತಳ್ಳುಗಾಡಿಯವರು ಈ ಯಾವ ಪಟ್ಟಿಯಲ್ಲೂ ಇಲ್ಲ. ಹಬ್ಬದ ದಿನ ಕೆಲಸ ನಿಂತರೆ ಅವರಿಗೆ ಅಂದಿನ ಕೂಲಿಯೇ ಇಲ್ಲ. ದುಡಿಯುವವರಲ್ಲಿ ಹೆಚ್ಚಿನವರು ಇಂಥವರೇ. ಅವರಿರುವ ದೇಶಕ್ಕೆ ‘ರಜೆ ಜಾಸ್ತಿ’ ಅಂತ ಹೆಸರಿಡುವುದು ಅನ್ಯಾಯ.

ದುಬೈನಲ್ಲಿದ್ದೇನೆ. ಈದ್ ರಜೆಗೆ ಮಂಗಳೂರಿಗೆ ಬರಬೇಕು. ಪಕ್ಕಾ ತಾರೀಖು ಹೇಳಿ.

ಹೇಳುವುದಿಲ್ಲ. ಚಂದ್ರ ಕಾಣುವವರೆಗೆ ಯಾರೂ ಹೇಳಲಾರರು. ಮುಸ್ಲಿಮರ ಚಾಂದ್ರ ಪಂಚಾಂಗವಾದ ಹಿಜರಿಯ ವರ್ಷ ನಮ್ಮ ಕ್ಯಾಲೆಂಡರಿಗಿಂತ 10–11 ದಿನ ಚಿಕ್ಕದು. ಹಾಗಾಗಿ ಈದ್ ಪ್ರತಿ ವರ್ಷ ಅಷ್ಟು ಹಿಂದೆ ಸರಿಯುತ್ತದೆ. ಲೆಕ್ಕದಿಂದ ಅಂದಾಜು ಸಿಗುತ್ತದೆ, ಅಷ್ಟೇ. ಆರು ತಿಂಗಳು ಮೊದಲೇ ‘ಪಕ್ಕಾ’ ಎಂದು ರೀಲ್ಸ್ ಮಾಡುವವರು ಸುಮ್ನೆ ನಿಮ್ಮ ದುಡ್ಡು ಹಾಳು ಮಾಡಿಸುತ್ತಾರೆ. ಅಂದಾಜು ತಾರೀಖಿನ ಹಿಂದೆ ಮುಂದೆ ಒಂದೊಂದು ದಿನ ಹೆಚ್ಚಿಗೆ ರಜೆ ಕೇಳಿಟ್ಟುಕೊಳ್ಳಿ. ತಾರೀಖು ಬದಲಿಸಬಹುದಾದ ಟಿಕೆಟನ್ನೇ ತೆಗೆದುಕೊಳ್ಳಿ, ಬೆಲೆ ಸ್ವಲ್ಪ ಜಾಸ್ತಿಯಾದರೂ ಪರವಾಗಿಲ್ಲ.

ಬೆಂಗಳೂರಿನಲ್ಲಿ ಅಮೆರಿಕದ ಗ್ರಾಹಕರಿಗೆ ಕೆಲಸ ಮಾಡುತ್ತೇನೆ. ರಾಜ್ಯೋತ್ಸವಕ್ಕೆ ರಜೆ ಇಲ್ಲ, ಥ್ಯಾಂಕ್ಸ್‌ಗಿವಿಂಗ್‌ಗೆ ಕೊಡುತ್ತೇವೆ ಅನ್ನುತ್ತಾರೆ.

ಗ್ರಾಹಕರು ಎಲ್ಲೇ ಇರಲಿ, ನೀವು ಕೂತು ದುಡಿಯುವ ಜಾಗದ ಕಾನೂನೇ ನಿಮಗೆ ಲಾಗೂ. ನವೆಂಬರ್ 1ಕ್ಕೆ ಕೆಲಸಕ್ಕೆ ಕರೆಸಿದರೆ ಎರಡು ಪಟ್ಟು ಸಂಬಳ ಕೊಡಬೇಕು, ಇಲ್ಲವೇ ಆ ದಿನದ ಸಂಬಳದ ಜೊತೆ ಇನ್ನೊಂದು ದಿನ ಸಂಬಳದ ರಜೆ ಕೊಡಬೇಕು. ಬಾಯಿಮಾತು ಬೇಡ, ಎಚ್‌ಆರ್‌ಗೆ ಮೇಲ್ ಬರೆಯಿರಿ. ಉತ್ತರ ಬಾರದಿದ್ದರೆ ಕಾರ್ಮಿಕ ಇಲಾಖೆಗೆ ಹೋಗಿ. ನೀವು ಮ್ಯಾನೇಜರ್ ಹುದ್ದೆಯಲ್ಲಿದ್ದರೆ ಮಾತ್ರ, ಮೊದಲು ನೇಮಕಾತಿ ಪತ್ರವನ್ನು ವಕೀಲರಿಗೆ ತೋರಿಸಿ. ಏನೇ ಮಾಡುವುದಿದ್ದರೂ ಅಕ್ಟೋಬರ್‌ನಲ್ಲೇ ಮಾಡಿ. ನವೆಂಬರ್ 1ಕ್ಕೆ ಕೆಲಸ ಮಾಡಲೇಬೇಕಾಗಿ ಬಂದರೆ, ಆ ದಿನದ ಹಾಜರಾತಿ, ಲಾಗಿನ್ ದಾಖಲೆಯ ಪ್ರತಿಯನ್ನು ಅಂದೇ ತೆಗೆದಿಟ್ಟುಕೊಳ್ಳಿ.