ಎಲ್ಲರೂ ಹೌಸಾ ಕಲಿತರೆ ಸಾಲದೇ?

ಪತ್ರ: ನೈಜೀರಿಯಾದ ಯೆಂಡಾಂಗ್ ಭಾಷೆಗಳ ಬಗ್ಗೆ ಕಳೆದ ಸಂಚಿಕೆಯಲ್ಲಿ ಬರೆದಿದ್ದೀರಿ. ಒಂದೇ ಭಾಷೆಯ ಆಡುನುಡಿಗಳನ್ನು ಬೇರೆ ಬೇರೆ ಭಾಷೆ ಅಂತ ಎಣಿಸಿದ ಹಾಗಿದೆ. ಅಷ್ಟು ಸಣ್ಣ ಭಾಷೆಗಳನ್ನು ಹಿಡಿದು ಕೂರುವ ಬದಲು ಅವರೆಲ್ಲ ಹೌಸಾ ಕಲಿತರೆ ಒಳ್ಳೆಯದಲ್ವಾ?
– ಓದುಗರೊಬ್ಬರು, ಶಿರಸಿ

ಸಂಪಾದಕರ ಉತ್ತರ: ಕೊನೆಯ ಪ್ರಶ್ನೆಯನ್ನೇ ಮೊದಲು ತೆಗೆದುಕೊಳ್ಳುತ್ತೇನೆ. ಉತ್ತರ ನೈಜೀರಿಯಾದ ದೊಡ್ಡ ಭಾಷೆಯಾದ ಹೌಸಾ ಅಲ್ಲಿಯವರಿಗೆ ಹೊಸದಲ್ಲ. ಸಂತೆಯಲ್ಲಿ ಅದು ನಡೆಯುತ್ತದೆ. ಅದಕ್ಕೂ ಮುಂಚಿನಿಂದ ಫುಲಾನಿ ಜನರ ಭಾಷೆಯಾದ ಫುಲ್ಫುಲ್ಡೆ ಇದೆ. ಶಾಲೆಗೆ ಹೋದವರಿಗೆ ಇಂಗ್ಲಿಷೂ ಸೇರುತ್ತದೆ. ಮನೆಮಾತಿನ ಜೊತೆ ಇನ್ನೆರಡು ಭಾಷೆ ಆಡುವುದು ಆ ಕಡೆ ಮಾಮೂಲು. ಕಲಿಯುವ ಹೊರೆಯನ್ನೆಲ್ಲ ಸಣ್ಣ ಭಾಷೆಯವರೇ ಹೊತ್ತಿದ್ದಾರೆ.

ಫುಲ್ಫುಲ್ಡೆ ಸುಮ್ನೆ ಬಂದು ನೆಲೆಸಿದ್ದಲ್ಲ. 1804ರಲ್ಲಿ ಫುಲಾನಿ ಧರ್ಮಪಂಡಿತ ಉಸ್ಮಾನ್ ದಾನ್ ಫೋದಿಯೊ ಶುರು ಮಾಡಿದ ಜಿಹಾದ್ ಬೆನುವೆ ನದಿಯ ಕಡೆಗೂ ಹಬ್ಬಿತು. ಅವರ ಅನುಯಾಯಿ ಮೋದಿಬ್ಬೊ ಆದಮ ಅಲ್ಲೊಂದು ರಾಜ್ಯ ಕಟ್ಟಿದರು. 1841ರಲ್ಲಿ ಯೋಲಾ ಅದರ ರಾಜಧಾನಿಯಾಯಿತು. ಇವತ್ತಿನ ನೈಜೀರಿಯಾದ ಅಡಮಾವಾ ರಾಜ್ಯದ ಹೆಸರು ಬಂದಿದ್ದು ಆದಮ ಅವರಿಂದಲೇ. ಗುಲಾಮರನ್ನು ಹಿಡಿಯುವ ದಾಳಿಗಳು ನಡೆಯುತ್ತಿದ್ದ ಕಾಲ ಅದು. ಆ ಭಾಗದ ಎಷ್ಟೋ ಸಣ್ಣ ಸಮುದಾಯಗಳು ಬೆಟ್ಟ ಹತ್ತಿ ಜೀವ ಉಳಿಸಿಕೊಂಡವು. ಜೊತೆಗೆ ತಮ್ಮ ಮಾತನ್ನೂ ಉಳಿಸಿಕೊಂಡವು.

ಇನ್ನು ಆಡುನುಡಿಯ ವಿಷಯ. ಯೆಂಡಾಂಗ್ ಅನ್ನುವುದು ಒಂದು ಭಾಷೆಯ ಹೆಸರೂ ಹೌದು, ಇಡೀ ಗುಂಪಿನ ಹೆಸರೂ ಹೌದು. ವಾಕಾ, ತೆಮೆ, ಕುಗಾಮಾ, ಗೆಂಗ್ಲೆ, ಕುಂಬಾ, ಬಾಲಿ, ಕ್ಪಾಶಾಮ್ ಎಲ್ಲ ಇದೇ ಗುಂಪಿನವು. ಅಡಮಾವಾದ ಮಾಯೊ-ಬೆಲ್ವಾ, ಡೆಮ್ಸಾ ಕಡೆ ಇವುಗಳಲ್ಲಿ ಹಲವನ್ನು ಆಡುತ್ತಾರೆ. ಪಕ್ಕದ ತರಾಬಾ ರಾಜ್ಯದಲ್ಲೂ ಈ ಗುಂಪಿನವರಿದ್ದಾರೆ. ಭಾಷಾತಜ್ಞ ಜೋಸೆಫ್ ಗ್ರೀನ್‌ಬರ್ಗ್ 1963ರಲ್ಲಿ ಇವುಗಳಲ್ಲಿ ಹಲವನ್ನು ನೆರೆಯ ಮುಮುಯೆ ಭಾಷೆಯ ಜೊತೆ ಒಂದೇ ಗುಂಪಿಗೆ ಸೇರಿಸಿದರು. ಒಂದೇ ಗುಂಪು ಅಂದರೆ ಮೂಲ ಒಂದು ಅಂತ ಅಷ್ಟೇ. ತುಳುವಿಗೂ ಕನ್ನಡಕ್ಕೂ ಮೂಲ ಒಂದೇ. ಹಾಗಂತ ತುಳುವನ್ನು ಕನ್ನಡದ ಆಡುನುಡಿ ಅಂದರೆ ಮಂಗಳೂರಿನವರು ಒಪ್ಪುತ್ತಾರಾ?

ನನಗೆ ಜಾಸ್ತಿ ಚಿಂತೆ ಇರುವುದು ಶಾಲೆಯ ಬಗ್ಗೆ. 2022ರ ನವೆಂಬರ್‌ನಲ್ಲಿ ನೈಜೀರಿಯಾ ಸರ್ಕಾರ ಒಂದು ಒಳ್ಳೆಯ ನೀತಿಗೆ ಒಪ್ಪಿಗೆ ಕೊಟ್ಟಿತು: ಪ್ರಾಥಮಿಕ ಶಾಲೆಯ ಆರು ವರ್ಷವೂ ಮಾತೃಭಾಷೆಯಲ್ಲಿ ಪಾಠ. ಐನೂರಕ್ಕೂ ಹೆಚ್ಚು ಭಾಷೆಗಳಿರುವ ದೇಶದಲ್ಲಿ ಇದು ಸುಲಭದ ಕೆಲಸ ಅಲ್ಲ. ಪಠ್ಯ ಬರೆಸಬೇಕು, ಮೇಷ್ಟ್ರುಗಳನ್ನು ತಯಾರು ಮಾಡಬೇಕು. ಯಾವ ಊರಲ್ಲಿ ಯಾವ ಭಾಷೆಯವರಿದ್ದಾರೆ ಅಂತ ಗೊತ್ತಿರಬೇಕು. ಆದರೆ 2006ರ ಜನಗಣತಿಯಲ್ಲಿ ಜನಾಂಗ ಯಾವುದು ಅಂತ ಕೇಳಲೇ ಇಲ್ಲ. ಇಷ್ಟೆಲ್ಲ ಕೆಲಸಕ್ಕೆ ಸಮಯ ಬೇಕಿತ್ತು. ಆದರೆ ಮೂರೇ ವರ್ಷಕ್ಕೆ, 2025ರ ನವೆಂಬರ್‌ನಲ್ಲಿ, ಆ ನೀತಿಯನ್ನೇ ರದ್ದು ಮಾಡಿದರು. ಈಗ ಶಿಶುವಿಹಾರದಿಂದಲೇ ಇಂಗ್ಲಿಷ್.

ಹೌಸಾ, ಯೊರುಬಾ, ಇಗ್ಬೊ ಈ ಪೆಟ್ಟನ್ನು ತಡೆದುಕೊಳ್ಳುತ್ತವೆ. ಅವಕ್ಕೆ ಪತ್ರಿಕೆ, ರೇಡಿಯೊ, ಸಿನಿಮಾ ಎಲ್ಲ ಇವೆ. ತೆಮೆ, ಗೆಂಗ್ಲೆಯಂಥ ಭಾಷೆಗಳಿಗೆ ಮನೆಯೊಂದೇ ಆಸರೆ. ಅಜ್ಜಿಯ ಜೊತೆ ಮಾತಾಡುವ ಭಾಷೆಯಲ್ಲೇ ಮಗು ಮೊದಲ ಅಕ್ಷರ ತಿದ್ದಲಿ ಅನ್ನುವುದನ್ನು ದೊಡ್ಡ ಆಸೆ ಅಂತ ನಾನಂತೂ ಒಪ್ಪುವುದಿಲ್ಲ. ನೀವು ಒಪ್ಪದಿದ್ದರೆ ಮತ್ತೆ ಬರೆಯಿರಿ, ಖಂಡಿತ ಪ್ರಕಟಿಸುತ್ತೇವೆ.