ಬೆಣ್ಣೆ ದೋಸೆಯಾಚೆಗೆ ದಾವಣಗೆರೆಯಲ್ಲಿ ನೋಡುವಂಥದ್ದು ಏನಿದೆ?

ದೋಸೆ ತಿಂದಾಯಿತು, ಗಾಜಿನ ಮನೆ ನೋಡಿಯಾಯಿತು, ಊರು ಮಾತ್ರ ಅರ್ಥವಾಗಲಿಲ್ಲ ಎಂದಿದ್ದೀರಿ. ಆಟೊ ಬಿಟ್ಟು ನಡೆಯಿರಿ. ಕೋಟೆ ಬೇಕಿದ್ದರೆ ಪಕ್ಕದ ಚಿತ್ರದುರ್ಗವಿದೆ. 1997ರವರೆಗೆ ನಾವೂ ಆ ಜಿಲ್ಲೆಯವರೇ. ಇಲ್ಲಿ ಅರಸರು ಕಟ್ಟಿದ್ದು ಕಡಿಮೆ, ಹೊಟ್ಟೆಪಾಡಿಗೆ ಬಂದವರು ಕಟ್ಟಿದ್ದೇ ಹೆಚ್ಚು. ಹೈದರಾಲಿಯ ಕಾಲದಲ್ಲಿ ಈ ಊರನ್ನು ಜಹಗೀರಾಗಿ ಪಡೆದ ಮರಾಠ ಸರದಾರ ಅಪ್ಪಾಜಿರಾಮ ವರ್ತಕರನ್ನು ಕರೆತಂದು ನೆಲೆಗೊಳಿಸಿದ. ಬರುವವರು ಇನ್ನೂ ಬರುತ್ತಲೇ ಇದ್ದಾರೆ.

ಬೆಳಿಗ್ಗೆ ಆಜಾದ್ ನಗರದ ಕಡೆಯ ಮಂಡಕ್ಕಿ ಭಟ್ಟಿಗಳಿಗೆ ಹೋಗಿ. ಬಾಣಲೆಯಲ್ಲಿ ಮರಳು ಕಾದಿರುತ್ತದೆ. ಉಪ್ಪು ಹಿಡಿದ ಅಕ್ಕಿ ಬೀಳುವುದೇ ತಡ, ಚಟಪಟನೆ ಅರಳಿ ಮೇಲೇಳುತ್ತದೆ. ಜರಡಿಯಾಡಿಸಿದರೆ ಮರಳು ಕೆಳಕ್ಕೆ, ಮಂಡಕ್ಕಿ ಗುಡ್ಡೆಗೆ. ಭತ್ತ ಭದ್ರಾ ನಾಲೆಯ ಗದ್ದೆಗಳದ್ದು, ಒಲೆಯ ಮುಂದೆ ನಿಂತವರು ಬಹುಪಾಲು ಮುಸ್ಲಿಂ ಕುಟುಂಬದವರು, ಖಾರ ಕಲಸಿ ಮಿರ್ಚಿಯೊಂದಿಗೆ ಸಂಜೆ ಮೆಲ್ಲುವುದು ಇಡೀ ಊರು. ಹೊಗೆಗೆ ಕಣ್ಣು ಉರಿಯುತ್ತದೆ. ಆ ಶಾಖದಲ್ಲಿ ದಿನವಿಡೀ ದುಡಿಯುವವರನ್ನು ಕಂಡ ಮೇಲೆ ಮಂಡಕ್ಕಿಗೆ ಚೌಕಾಸಿ ಮಾಡಲು ನನಗಂತೂ ಬಾಯಿ ಬರುವುದಿಲ್ಲ. ಮೊಬೈಲ್ ಎತ್ತುವ ಮುನ್ನ ಒಂದು ಮಾತು ಕೇಳಿ; ಅದು ಅವರ ಕೆಲಸದ ಜಾಗ.

ಅಲ್ಲಿಂದ ಚೌಕಿಪೇಟೆ, ಮಂಡಿಪೇಟೆ. ಒಂದೇ ಅಂಗಡಿಯ ಕಟ್ಟೆಯ ಮೇಲೆ ಕನ್ನಡ, ಉರ್ದು, ಮರಾಠಿ ಕೇಳಿಸುತ್ತವೆ, ಮಾಲೀಕರು ಮೂರರಲ್ಲೂ ಲೆಕ್ಕ ಹೇಳುತ್ತಾರೆ. ನಗರದೇವತೆ ದುಗ್ಗಮ್ಮನ ಗುಡಿಯೂ ಹಳೇ ಊರಿನಲ್ಲೇ ಇದೆ. ಎರಡು ವರ್ಷಕ್ಕೊಮ್ಮೆ ನಡೆಯುವ ಜಾತ್ರೆಗೆ ಬಂದರೆ, ಮುಖ ಪರಿಚಯವಷ್ಟೇ ಇದ್ದವರೂ ನಿಮ್ಮನ್ನು ಊಟಕ್ಕೆ ಎಳೆದೊಯ್ಯುತ್ತಾರೆ.

ಕರ್ನಾಟಕದ ಮ್ಯಾಂಚೆಸ್ಟರ್ ಎಂಬ ಬಿರುದನ್ನು ಭಾಷಣಕಾರರು ಇನ್ನೂ ಬಿಟ್ಟಿಲ್ಲ, ಹತ್ತಿ ಗಿರಣಿಗಳು ಬಿಟ್ಟು ಹೋಗಿವೆ. ಬಿನ್ನಿ ಕಂಪನಿ ರಸ್ತೆಯಲ್ಲಿ ಉಳಿದಿರುವುದು ಹೆಸರು. ಗಿರಣಿ ಕಾಲ ತಿಳಿಯಬೇಕಾದರೆ ಹಳೇ ಊರಿನ ಚಹಾದಂಗಡಿಯಲ್ಲಿ ಕುಳಿತ ಹಿರಿಯರನ್ನು ಮಾತಿಗೆಳೆಯಿರಿ. ಯಾವ ಪಾಳಿ, ಯಾವ ಮುಷ್ಕರ, ಯಾರ ಬಾಕಿ ಬರಲೇ ಇಲ್ಲ, ಎಲ್ಲವೂ ಅವರ ನಾಲಿಗೆಯ ತುದಿಯಲ್ಲಿದೆ.

ರೈಲು ಹಳಿ ದಾಟಿ ಪಿ.ಜೆ. ಬಡಾವಣೆ, ಎಂ.ಸಿ.ಸಿ. ಬ್ಲಾಕುಗಳತ್ತ ಬಂದರೆ ಊರೇ ಬದಲು. 1965ರಲ್ಲಿ ಜೆ.ಜೆ.ಎಂ. ವೈದ್ಯಕೀಯ ಕಾಲೇಜು ಶುರುವಾಗಿ, ಮುಂದೆ ಕಾಲೇಜುಗಳು ಹೆಚ್ಚಿದಂತೆ ಇಲ್ಲಿನ ಮನೆ ಬಾಡಿಗೆ, ಮೆಸ್ಸು, ಜೆರಾಕ್ಸ್ ಅಂಗಡಿಗಳೆಲ್ಲ ವಿದ್ಯಾರ್ಥಿಗಳನ್ನೇ ನಂಬಿಕೊಂಡವು. ಹಳೇ ಊರಿನ ನನ್ನ ನೆಂಟರು ಇದನ್ನು ಈಗಲೂ ‘ಆ ಕಡೆ’ ಎನ್ನುತ್ತಾರೆ. ಏಪ್ರಿಲ್‌ನಲ್ಲಿ ಸುತ್ತುವುದಾದರೆ ಹಳೇ ಊರನ್ನು ಹನ್ನೊಂದು ಗಂಟೆಯೊಳಗೆ ಮುಗಿಸಿ, ಈ ಕಡೆಯನ್ನು ಸಂಜೆಗೆ ಇಟ್ಟುಕೊಳ್ಳಿ. ನಮ್ಮ ಬಿಸಿಲು ಹೊರಗಿನವರೆಂದು ರಿಯಾಯಿತಿ ಕೊಡುವುದಿಲ್ಲ.