ಲಂಡನ್ ಸಮಯ ಎಂದರೆ ಜಿಎಂಟಿ ಅಲ್ಲ

ಪ್ರಶ್ನೆ: ಮಗಳು ಲಂಡನ್ನಿನಲ್ಲಿದ್ದಾಳೆ. ಭಾರತಕ್ಕೂ ಅಲ್ಲಿಗೂ ಐದೂವರೆ ಗಂಟೆ ವ್ಯತ್ಯಾಸ ಅಂದುಕೊಂಡಿದ್ದೆ, ಅವಳು ನಾಲ್ಕೂವರೆ ಅನ್ನುತ್ತಾಳೆ. ಯಾವುದು ಸರಿ?

ಉತ್ತರ: ಎರಡೂ ಸರಿ. ಚಳಿಗಾಲದಲ್ಲಿ ಲಂಡನ್ ಗಡಿಯಾರ ಗ್ರೀನ್‌ವಿಚ್ ಸಮಯವನ್ನು, ಅಂದರೆ ಜಿಎಂಟಿಯನ್ನು ತೋರಿಸುತ್ತದೆ. ಆಗ ಐದೂವರೆ ಗಂಟೆ. ಮಾರ್ಚ್ ತಿಂಗಳ ಕೊನೆಯ ಭಾನುವಾರ ಬೆಳಗಿನ ಜಾವ 1 ಗಂಟೆಗೆ ಮುಳ್ಳನ್ನು 2ಕ್ಕೆ ಸರಿಸುತ್ತಾರೆ. ಅಲ್ಲಿಂದ ಅಕ್ಟೋಬರ್ ಕೊನೆಯ ಭಾನುವಾರದವರೆಗೆ ಬ್ರಿಟಿಷ್ ಬೇಸಿಗೆ ಸಮಯ, ಅಂದರೆ ಬಿಎಸ್‌ಟಿ. ಆಗ ನಾಲ್ಕೂವರೆ. ಅಕ್ಟೋಬರಿನ ಆ ಭಾನುವಾರ 2 ಗಂಟೆ ಮತ್ತೆ 1 ಆಗುತ್ತದೆ. 2026ರಲ್ಲಿ ಈ ದಿನಗಳು ಮಾರ್ಚ್ 29 ಮತ್ತು ಅಕ್ಟೋಬರ್ 25. 2027ರಲ್ಲಿ ಮಾರ್ಚ್ 28 ಮತ್ತು ಅಕ್ಟೋಬರ್ 31.

ಪ್ರಶ್ನೆ: ಇಷ್ಟೆಲ್ಲ ತಾಪತ್ರಯ ಯಾಕೆ?

ಉತ್ತರ: ಊರು ಅಷ್ಟು ಉತ್ತರಕ್ಕಿದೆ, ಅಕ್ಷಾಂಶ ಐವತ್ತೊಂದೂವರೆ ಡಿಗ್ರಿ. ಜೂನ್ ಮೂರನೇ ವಾರದಲ್ಲಿ ಬಿಎಸ್‌ಟಿ ಪ್ರಕಾರ ಸೂರ್ಯೋದಯ 4.43ಕ್ಕೆ, ಅಸ್ತ 9.21ಕ್ಕೆ. ಮುಳ್ಳು ಸರಿಸದಿದ್ದರೆ ಊರೆಲ್ಲ ಮಲಗಿರುವಾಗ, 3.43ಕ್ಕೇ ಬೆಳಗಾಗಿರುತ್ತಿತ್ತು. ಮನೆ ಕಟ್ಟಿಸುವ ವ್ಯಾಪಾರದ ವಿಲಿಯಂ ವಿಲೆಟ್ 1907ರಲ್ಲಿ ಇದನ್ನು ಪ್ರಸ್ತಾಪಿಸಿದರು. ಏಪ್ರಿಲಿನ ನಾಲ್ಕು ಭಾನುವಾರ ಇಪ್ಪತ್ತಿಪ್ಪತ್ತು ನಿಮಿಷ ಸರಿಸಬೇಕೆಂಬುದು ಅವರ ಸಲಹೆ. ಸದ್ಯ, ಆ ಭಾಗ ಕಾನೂನಾಗಲಿಲ್ಲ! ಯುದ್ಧದ ನಡುವೆ, 1916ರ ಮೇ 21ರಂದು ಬೇಸಿಗೆ ಸಮಯ ಜಾರಿಗೆ ಬಂದಾಗ ಅವರು ಬದುಕಿರಲಿಲ್ಲ.

ಪ್ರಶ್ನೆ: ಲಂಡನ್ ಕಚೇರಿಯವರ ಜೊತೆ ವಾರದ ಮೀಟಿಂಗ್ ‘ಬೆಳಿಗ್ಗೆ 9, ಜಿಎಂಟಿ’ ಎಂದು ಕ್ಯಾಲೆಂಡರಿನಲ್ಲಿ ಹಾಕಿದ್ದೆ. ಏಪ್ರಿಲಿನಲ್ಲಿ ಅವರೆಲ್ಲ ಒಂದು ಗಂಟೆ ಮೊದಲೇ ಬಂದು ಕಾದಿದ್ದರು.

ಉತ್ತರ: ತಪ್ಪಿರುವುದು ಆ ಮೂರಕ್ಷರದಲ್ಲಿ. ಜಿಎಂಟಿ ವರ್ಷವಿಡೀ ಅಲುಗುವುದಿಲ್ಲ; ಬೇಸಿಗೆಯಲ್ಲಿ ‘9 ಜಿಎಂಟಿ’ ಅಂದರೆ ಲಂಡನ್ನಿನಲ್ಲಿ 10 ಗಂಟೆ. ಸಮಯ ವಲಯದ ಜಾಗದಲ್ಲಿ ‘ಯುರೋಪ್/ಲಂಡನ್’ ಅಥವಾ ‘ಲಂಡನ್’ ಎಂಬ ಊರಿನ ಹೆಸರನ್ನೇ ಆರಿಸಿ. ಆಗ ಮಾರ್ಚ್, ಅಕ್ಟೋಬರಿನ ಬದಲಾವಣೆ ತಾನಾಗಿ ಆಗುತ್ತದೆ. ನ್ಯೂಯಾರ್ಕಿನವರೂ ಸೇರುವುದಿದ್ದರೆ ಇನ್ನೊಂದು ತೊಡಕುಂಟು. ಅಮೆರಿಕ ಮಾರ್ಚ್ ಎರಡನೇ ಭಾನುವಾರವೇ ಬೇಸಿಗೆ ಸಮಯಕ್ಕೆ ಹೋಗಿ ನವೆಂಬರ್ ಮೊದಲ ಭಾನುವಾರ ಹಿಂದಿರುಗುತ್ತದೆ. ಹಾಗಾಗಿ 2026ರ ಮಾರ್ಚ್ 8ರಿಂದ 29ರವರೆಗೆ, ಮತ್ತೆ ಅಕ್ಟೋಬರ್ 25ರಿಂದ ನವೆಂಬರ್ 1ರವರೆಗೆ ಎರಡೂ ಊರುಗಳ ಅಂತರ ಎಂದಿನ ಐದು ಗಂಟೆಯಲ್ಲ, ನಾಲ್ಕು.

ಪ್ರಶ್ನೆ: ನಮ್ಮ ಅತ್ತಿಗೆ 1970ರ ಜನವರಿಯಲ್ಲಿ ಲಂಡನ್ನಿನಲ್ಲಿ ಹುಟ್ಟಿದವರು. ಚಳಿಗಾಲ ತಾನೇ ಎಂದು ಜಿಎಂಟಿ ಹಿಡಿದೇ ಜಾತಕ ಬರೆಸಿದ್ದಾರೆ. ಸರಿಯಿದೆಯೇ?

ಉತ್ತರ: ಸರಿಯಿಲ್ಲ. 1968ರ ಫೆಬ್ರುವರಿ 18ರಂದು ಮುಂದಕ್ಕೆ ಸರಿಸಿದ ಗಡಿಯಾರವನ್ನು ಬ್ರಿಟನ್ 1971ರ ಅಕ್ಟೋಬರ್ 31ರವರೆಗೆ ಹಿಂದಕ್ಕೆ ತರಲೇ ಇಲ್ಲ. ಚಳಿಗಾಲಕ್ಕೂ ಅದೇ ಸಮಯ ಇರಲಿ ಎಂಬ ಪ್ರಯೋಗ ಅದು. ಆ ಅವಧಿಯ ಯಾವುದೇ ಜನನ ಸಮಯದಿಂದ ಒಂದು ಗಂಟೆ ಕಳೆಯಬೇಕು. ಅಲ್ಲಿನ ಅಕ್ಷಾಂಶದಲ್ಲಿ ಕುಂಭ, ಮೀನ ಲಗ್ನಗಳು ಒಂದು ಗಂಟೆಯೊಳಗೇ ಉದಯಿಸಿ ಮುಗಿಯುತ್ತವೆ, ಹೀಗಾಗಿ ಒಂದು ಗಂಟೆಯ ತಪ್ಪಿಗೆ ಲಗ್ನವೇ ಬದಲಾದೀತು.

ಹಿರಿಯರ ಜಾತಕವಾದರೆ ಇನ್ನೂ ಎಚ್ಚರ. 1940ರ ಫೆಬ್ರುವರಿ 25ರಿಂದ 1945ರ ಅಕ್ಟೋಬರ್ 7ರವರೆಗೂ ಗಡಿಯಾರ ಕನಿಷ್ಠ ಒಂದು ಗಂಟೆ ಮುಂದಿತ್ತು. 1941ರಿಂದ 1945ರವರೆಗಿನ ಬೇಸಿಗೆಗಳಲ್ಲಿ, ಮತ್ತೆ 1947ರ ಏಪ್ರಿಲ್ 13ರಿಂದ ಆಗಸ್ಟ್ 10ರವರೆಗೆ ಎರಡು ಗಂಟೆ.

ಸಾಫ್ಟ್‌ವೇರಿನಲ್ಲಿ ಹಾಕುವುದಾದರೆ, ‘ಲಂಡನ್’ ಎಂದು ಆರಿಸಿದ ಮೇಲೆ ನೀವೂ ಕಳೆಯಬೇಡಿ. ಎರಡು ಸಲ ಕಳೆದಂತಾಗುತ್ತದೆ. ಅದು ಎಷ್ಟು ಕಳೆದಿದೆ ಎಂಬುದನ್ನು ಮಾತ್ರ ನೋಡಿಕೊಳ್ಳಿ. ಜನನ ಪ್ರಮಾಣಪತ್ರದಲ್ಲಿ ಸಮಯ ಹುಡುಕಿದರೆ ಸಾಮಾನ್ಯವಾಗಿ ಸಿಗುವುದಿಲ್ಲ: ಇಂಗ್ಲೆಂಡಿನಲ್ಲಿ ಅದನ್ನು ಬರೆಯುವುದು ಅವಳಿ ತ್ರಿವಳಿಗಳಿಗೆ. ಅದರಲ್ಲೂ ಅಕ್ಟೋಬರಿನ ಆ ರಾತ್ರಿ 1ರಿಂದ 2 ಎರಡು ಸಲ ಬರುವುದರಿಂದ, 1.50ಕ್ಕೆ ಹುಟ್ಟಿದ ಅಕ್ಕನ ತಂಗಿ 1.10ಕ್ಕೆ ಹುಟ್ಟಿರಬಹುದು.

ಪ್ರಶ್ನೆ: ಮಗನ ಲಂಡನ್ ಮನೆಯಲ್ಲಿ ಗಂಟೆ ಹೊಡೆಯುವ ಹಳೆಯ ಗೋಡೆ ಗಡಿಯಾರವಿದೆ. ಅಕ್ಟೋಬರಿನಲ್ಲಿ ಮುಳ್ಳನ್ನು ಹಿಂದಕ್ಕೆ ತಿರುಗಿಸಬಹುದೇ?

ಉತ್ತರ: ಬೇಡ. ಹಳೆಯ ಯಂತ್ರಗಳಲ್ಲಿ ಹಾಗೆ ತಿರುಗಿಸಿದರೆ ಹೊಡೆಯುವ ಭಾಗ ಸಿಕ್ಕಿಹಾಕಿಕೊಳ್ಳಬಹುದು, ಸನ್ನೆ ಬಾಗಬಹುದು. ಲೋಲಕವನ್ನು ಕೈಯಿಂದ ನಿಲ್ಲಿಸಿ, ಸರಿಯಾಗಿ ಒಂದು ಗಂಟೆ ಬಿಟ್ಟು ಮತ್ತೆ ತೂಗಿಬಿಟ್ಟರೆ ಆಯಿತು. ಮಾರ್ಚಿನಲ್ಲಿ ದೊಡ್ಡ ಮುಳ್ಳನ್ನು ನಿಧಾನವಾಗಿ ಮುಂದಕ್ಕೆ ತಿರುಗಿಸಿ. ಅರ್ಧಕ್ಕೂ ಪೂರ್ತಿಗೂ ತಡೆದು, ಹೊಡೆಯುವುದು ಮುಗಿದ ಮೇಲೆ ಮುಂದೆ ಹೋಗಿ. ಮೊಬೈಲ್ ತಾನೇ ಬದಲಾಗುತ್ತದೆ. ಒಲೆ, ಕಾರು, ಮನೆ ಬೆಚ್ಚಗಿಡುವ ಬಾಯ್ಲರಿನ ಟೈಮರ್ ಇವು ಹಲವು ಮನೆಗಳಲ್ಲಿ ಹಳೆಯ ಸಮಯದಲ್ಲೇ ಉಳಿದಿರುತ್ತವೆ. ಸೋಮವಾರ ಬೆಳಿಗ್ಗೆ ಮನೆ ತಣ್ಣಗಿದ್ದರೆ ಮೊದಲು ಆ ಟೈಮರ್ ನೋಡಲು ಹೇಳಿ.